ಗೋಲ್ಡ್‌ಫಿಷ್‌ನ ಚರ್ಮದ ತೊಂದರೆಗಳು: ಗುರುತಿಸುವ ಬಗೆ, ಚಿಕಿತ್ಸೆಯ ಕ್ರಮ

ಮನೆಯ ಅಕ್ವೇರಿಯಂನಲ್ಲಿರುವ ಗೋಲ್ಡ್‌ಫಿಷ್‌ನ ಮೈಮೇಲೆ ಬಿಳಿ ಚುಕ್ಕೆಯೋ ಕೆಂಪು ಕಲೆಯೋ ಕಂಡೊಡನೆ ಅಂಗಡಿಯಿಂದ ನೀಲಿ ಔಷಧದ ಸೀಸೆ ತಂದು ನಾಲ್ಕು ಹನಿ ಹಾಕುವುದು ನಮ್ಮಲ್ಲಿ ಅನೇಕರ ರೂಢಿ. ಆ ನೀಲಿ ದ್ರಾವಣ ಸಾಮಾನ್ಯವಾಗಿ ಮೆಥಿಲೀನ್ ಬ್ಲೂ ಆಗಿರುತ್ತದೆ. ಅದು ಎಲ್ಲ ಚರ್ಮರೋಗಕ್ಕೂ ಮದ್ದಲ್ಲ. ಮೇಲಾಗಿ, ಫಿಲ್ಟರಿನಲ್ಲಿ ನೆಲೆಸಿ ಮೀನಿನ ತ್ಯಾಜ್ಯವನ್ನು ಅರಗಿಸುವ ಉಪಯುಕ್ತ ಬ್ಯಾಕ್ಟೀರಿಯಗಳನ್ನೂ ಅದು ಕೊಲ್ಲುತ್ತದೆ. ಕೆಲವೇ ದಿನಗಳಲ್ಲಿ ನೀರಿನಲ್ಲಿ ಅಮೋನಿಯ ಏರಿ, ಮೊದಲಿದ್ದ ಕಾಯಿಲೆಗಿಂತ ಮುಂಚೆ ಚಿಕಿತ್ಸೆಯೇ ಮೀನಿನ ಪ್ರಾಣ ತೆಗೆಯುವುದುಂಟು. ಆದ್ದರಿಂದ ಮೊದಲು ಮೀನನ್ನು ಸರಿಯಾಗಿ ನೋಡಬೇಕು, ಆಮೇಲೆ ನೀರನ್ನು ಪರೀಕ್ಷಿಸಬೇಕು, ಔಷಧದ ಮಾತು ಅದರ ನಂತರ ಬರಬೇಕು.

ಈ ಕ್ರಮಕ್ಕೆ ಕಾರಣ ಮೀನಿನ ಚರ್ಮದ ರಚನೆಯಲ್ಲಿಯೇ ಇದೆ. ನಮ್ಮ ಚರ್ಮದ ಹೊರಪದರ ಸತ್ತ ಜೀವಕೋಶಗಳಿಂದಾದ ಗಡಸು ಹೊದಿಕೆ. ಮೀನಿಗೆ ಅಂಥ ಹೊದಿಕೆಯಿಲ್ಲ. ಹುರುಪೆಗಳೇ ಅದರ ಹೊರಕವಚ ಎಂದು ಬಹಳ ಮಂದಿ ಭಾವಿಸುತ್ತಾರೆ, ಆದರೆ ಹುರುಪೆಗಳ ಮೇಲೆ ಜೀವಂತ ಕೋಶಗಳ ತೆಳುವಾದ ಪದರವೊಂದಿದ್ದು, ಅದರ ಮೇಲೆ ಆ ಕೋಶಗಳೇ ಒಸರಿಸುವ ಲೋಳೆಯಿರುತ್ತದೆ. ಈ ಲೋಳೆಯೇ ರೋಗಾಣುಗಳಿಗೆ ಮೊದಲ ತಡೆ. ಅಂದರೆ ಜೀವಂತ ಕೋಶಗಳು ಹಗಲೂ ರಾತ್ರಿ ನೀರಿಗೆ ತಾಗಿಕೊಂಡೇ ಇರುತ್ತವೆ. ನೀರಿನಲ್ಲಿ ಏನು ಕೆಟ್ಟರೂ ಅದು ಮೊದಲು ಚರ್ಮದಲ್ಲಿ ಮತ್ತು ಕಿವಿರಿನಲ್ಲಿ ಕಾಣಿಸಿಕೊಳ್ಳುತ್ತದೆ. ಒಣ ಕೈಯಿಂದಲೋ ಒರಟು ಬಲೆಯಿಂದಲೋ ಮೀನನ್ನು ಹಿಡಿದಾಗ ಕಿತ್ತುಹೋಗುವುದೂ ಇದೇ ಪದರ.

ಮೀನನ್ನು ನೋಡುವ ಬಗೆ

ಮೀನನ್ನು ಹಿಡಿಯುವ ಮುನ್ನ ಅದು ತನ್ನ ಪಾಡಿಗೆ ಈಜುತ್ತಿರುವಾಗಲೇ ಹತ್ತು ನಿಮಿಷ ಕುಳಿತು ನೋಡಬೇಕು. ಕಲ್ಲಿಗೋ ಗಾಜಿಗೋ ಮೈಯನ್ನು ಥಟ್ಟನೆ ಉಜ್ಜಿಕೊಂಡು ಓಡುತ್ತಿದೆಯೇ, ಬೆನ್ನಿನ ರೆಕ್ಕೆಯನ್ನು ಮಡಿಸಿಕೊಂಡಿದೆಯೇ, ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುತ್ತಿದೆಯೇ, ಮೂಲೆಯಲ್ಲಿ ತಳಕ್ಕೆ ಕುಳಿತಿದೆಯೇ, ಆಹಾರ ಹಾಕಿದಾಗ ಬರುತ್ತಿದೆಯೇ ಎಂಬುದನ್ನು ಗಮನಿಸಬೇಕು. ಉಜ್ಜಿಕೊಳ್ಳುವುದು ಪರೋಪಜೀವಿಗಳ ಅಥವಾ ಕೆಟ್ಟ ನೀರಿನಿಂದಾದ ಮೈಯುರಿಯ ಲಕ್ಷಣ. ಮೇಲ್ಮೈಗೆ ಬರುವುದು ಕಿವಿರಿನ ತೊಂದರೆಯ ಅಥವಾ ಆಮ್ಲಜನಕದ ಕೊರತೆಯ ಲಕ್ಷಣ. ಒಂದು ಮೀನಿಗೆ ಮಾತ್ರ ತೊಂದರೆಯಿದ್ದರೆ ಗಾಯವನ್ನೋ ಒಳಗಿನ ಕಾಯಿಲೆಯನ್ನೋ ಶಂಕಿಸಬಹುದು. ಎಲ್ಲವೂ ಒಂದೇ ದಿನ ಸಪ್ಪಗಾಗಿದ್ದರೆ ಮೊದಲ ಅಪರಾಧಿ ನೀರು.

ಬಳಿಕ ಕೋಣೆಯ ಮತ್ತು ಅಕ್ವೇರಿಯಂನ ದೀಪಗಳನ್ನು ಆರಿಸಿ, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಬೇಕು. ನೇರ ಬೆಳಕಿನಲ್ಲಿ ಕಾಣದ ತೆಳುವಾದ ಬೂದುಪೊರೆ, ಹೊನ್ನಿನ ಹುಡಿಯಂಥ ಧೂಳು, ಹುರುಪೆಯ ಅಂಚು ಎದ್ದಿರುವುದು ಇವೆಲ್ಲ ಓರೆ ಬೆಳಕಿನಲ್ಲಿ ಸ್ಪಷ್ಟವಾಗುತ್ತವೆ. ಮೀನನ್ನು ಮೇಲಿನಿಂದಲೂ ಒಮ್ಮೆ ನೋಡಬೇಕು. ಹುರುಪೆಗಳು ನಿಮಿರಿ ನಿಂತಿರುವುದು ಮೇಲಿನಿಂದ ನೋಡಿದಾಗಲೇ ಚೆನ್ನಾಗಿ ತಿಳಿಯುತ್ತದೆ. ಮೊಬೈಲಿನಲ್ಲಿ ದಿನಕ್ಕೊಂದು ಫೋಟೋವನ್ನು ಒಂದೇ ಕೋನದಿಂದ ತೆಗೆದಿಡುವುದು ಒಳ್ಳೆಯ ಅಭ್ಯಾಸ, ಏಕೆಂದರೆ ಕಲೆ ಹರಡುತ್ತಿದೆಯೋ ಕುಗ್ಗುತ್ತಿದೆಯೋ ಎಂಬುದನ್ನು ನೆನಪಿನ ಮೇಲೆ ನಿರ್ಧರಿಸಲಾಗದು.

ಕಾಯಿಲೆಯಲ್ಲದ ಕೆಲವು ಗುರುತುಗಳಿವೆ. ಬೆದೆಗೆ ಬಂದ ಗಂಡು ಗೋಲ್ಡ್‌ಫಿಷ್‌ನ ಕಿವಿರಿನ ಮುಚ್ಚಳದ ಮೇಲೆ ಮತ್ತು ಎದೆರೆಕ್ಕೆಯ ಮೊದಲ ದಪ್ಪ ಕಡ್ಡಿಯ ಉದ್ದಕ್ಕೆ ಸಣ್ಣ ಬಿಳಿ ಗುಳ್ಳೆಗಳು ಏಳುತ್ತವೆ. ಇವು ಒಂದೇ ಗಾತ್ರದವು, ಸಾಲಾಗಿರುತ್ತವೆ, ಬಾಲಕ್ಕಾಗಲಿ ಹೊಟ್ಟೆಗಾಗಲಿ ಹರಡುವುದಿಲ್ಲ, ಮೀನು ಚುರುಕಾಗಿಯೇ ಇರುತ್ತದೆ. ಇದನ್ನು ವೈಟ್ ಸ್ಪಾಟ್ ಎಂಬ ಪರೋಪಜೀವಿ ಕಾಯಿಲೆಯೆಂದು ತಿಳಿದು ಔಷಧ ಹಾಕಿದವರನ್ನು ಲೆಕ್ಕವಿಡುವುದು ಕಷ್ಟ. ಮರಿಯಾಗಿದ್ದಾಗ ಕಂದು ಬಣ್ಣದಲ್ಲಿರುವ ಗೋಲ್ಡ್‌ಫಿಷ್ ಬೆಳೆಯುತ್ತಾ ಕಿತ್ತಳೆಗೆ ತಿರುಗುವುದು, ಬ್ಲ್ಯಾಕ್ ಮೂರ್ ತಳಿಯ ಕಪ್ಪು ಕಾಲಕ್ರಮದಲ್ಲಿ ಕಂಚಿನ ಬಣ್ಣಕ್ಕೆ ಇಳಿಯುವುದು ಸಹಜ. ಒರಾಂಡ, ಲಯನ್‌ಹೆಡ್ ತಳಿಗಳ ತಲೆಯ ಮೇಲಿನ ಮಾಂಸಲ ಬೆಳವಣಿಗೆಯ ಸಂದುಗಳಲ್ಲಿ ಲೋಳೆ ಸೇರಿ ಬಿಳಿಯಾಗಿ ಕಾಣುವುದೂ ತಾನಾಗಿಯೇ ರೋಗವಲ್ಲ. ಕಿತ್ತಳೆ ಮೀನಿನಲ್ಲಿ ಹೊಸದಾಗಿ ಕಪ್ಪು ಮಚ್ಚೆ ಕಂಡರೆ ಮಾತ್ರ ಸ್ವಲ್ಪ ಯೋಚಿಸಬೇಕು: ಅಮೋನಿಯದಿಂದ ಸುಟ್ಟ ಚರ್ಮ ಮಾಯುವಾಗ ಆ ಜಾಗ ಹೀಗೆ ಕಪ್ಪಾಗುತ್ತದೆ. ಅದು ಗುಣವಾಗುತ್ತಿರುವ ಗುರುತೇ ಹೌದು, ಆದರೆ ಹಿಂದೆ ನೀರು ಕೆಟ್ಟಿತ್ತೆಂಬುದಕ್ಕೂ ಸಾಕ್ಷಿ.

ನೀರಿನ ಪರೀಕ್ಷೆ

ಅಕ್ವೇರಿಯಂ ಅಂಗಡಿಗಳಲ್ಲಿ ದೊರೆಯುವ, ಹನಿ ಹಾಕಿ ಬಣ್ಣ ನೋಡುವ ಟೆಸ್ಟ್ ಕಿಟ್ ಒಂದು ಮನೆಯಲ್ಲಿರಲೇಬೇಕು. ಔಷಧದ ಸೀಸೆಗಳಿಗೆ ಸುರಿಯುವ ಹಣದಲ್ಲಿ ಮೊದಲ ಪಾಲು ಇದಕ್ಕೇ ಸಲ್ಲಬೇಕು. ಅಮೋನಿಯ ಮತ್ತು ಫಿಲ್ಟರಿನ ಬ್ಯಾಕ್ಟೀರಿಯಗಳು ಅದನ್ನು ಮಾರ್ಪಡಿಸಿದಾಗ ಬರುವ ನೈಟ್ರೈಟ್ ಎರಡೂ ಸೊನ್ನೆ ಇರಬೇಕು, ನೈಟ್ರೈಟಿನಿಂದಾಗುವ ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟಬಾರದು, ನೀರಿನ ಆಮ್ಲ-ಕ್ಷಾರ ಗುಣದ ಅಳತೆಯಾದ ಪಿಎಚ್ 7ರಿಂದ 8ರ ನಡುವೆ ಹೆಚ್ಚು ಏರಿಳಿಯದೆ ಇರಬೇಕು. ನೀರಿನ ಉಷ್ಣತೆ 18ರಿಂದ 24 ಡಿಗ್ರಿ ಸೆಲ್ಸಿಯಸ್ ಇದ್ದರೆ ಗೋಲ್ಡ್‌ಫಿಷ್‌ಗೆ ಹಿತ. ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಕಡೆಯ ಮನೆಗಳಲ್ಲಿ ಇದು ಸಾಧ್ಯವಾಗದು. ಅಲ್ಲಿ ಏರ್ ಪಂಪನ್ನು ಹಗಲಿರುಳು ನಡೆಸುವುದು, ಮೀನುಗಳ ಸಂಖ್ಯೆಯನ್ನು ತಗ್ಗಿಸುವುದು, ಆಹಾರವನ್ನು ಕಡಿಮೆ ಮಾಡುವುದು ಇವೇ ದಾರಿ. 20 ಡಿಗ್ರಿಯ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಳ್ಳಬಲ್ಲದು, 30 ಡಿಗ್ರಿಗೆ ಅದು ಸುಮಾರು ಏಳೂವರೆಗೆ ಇಳಿಯುತ್ತದೆ.

ಅಮೋನಿಯದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಪರೀಕ್ಷೆಯಲ್ಲಿ ಕಾಣುವ ಒಟ್ಟು ಅಮೋನಿಯದಲ್ಲಿ ನಿಜವಾಗಿ ವಿಷಕಾರಿಯಾದದ್ದು ಒಂದು ಭಾಗ ಮಾತ್ರ, ಮತ್ತು ಆ ಭಾಗ ಪಿಎಚ್ ಏರಿದಂತೆ ಹೆಚ್ಚುತ್ತದೆ: 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗಿನದಕ್ಕಿಂತ 8 ಇದ್ದಾಗ ಅದು ಸುಮಾರು ಒಂಬತ್ತು ಪಟ್ಟು. ತಿಂಗಳುಗಟ್ಟಲೆ ನೀರು ಬದಲಿಸದ ತೊಟ್ಟಿಯಲ್ಲಿ ಪಿಎಚ್ ಇಳಿದಿರುವುದರಿಂದ ಅಮೋನಿಯ ಹೆಚ್ಚಿದ್ದರೂ ಮೀನು ಹೇಗೋ ಬದುಕಿರುತ್ತದೆ. ಒಂದು ದಿನ ಮನಸ್ಸು ಮಾಡಿ ಅರ್ಧಕ್ಕಿಂತ ಹೆಚ್ಚು ನೀರನ್ನು ತೆಗೆದು, ಪಿಎಚ್ ಹೆಚ್ಚಿರುವ ಬೋರ್‌ವೆಲ್ ನೀರನ್ನು ಸುರಿದೊಡನೆ ಉಳಿದ ಅಮೋನಿಯ ವಿಷವಾಗುತ್ತದೆ. ‘ನೀರು ಬದಲಿಸಿದ ಮೇಲೆಯೇ ಸತ್ತಿತು’ ಎಂಬ ದೂರಿನ ಹಿಂದೆ ಹೆಚ್ಚಾಗಿ ಇದೇ ಇರುತ್ತದೆ. ಅಂಥ ಹಳೆಯ ತೊಟ್ಟಿಯಲ್ಲಿ ದಿನಕ್ಕೆ ಶೇಕಡ 10ರಿಂದ 15ರಷ್ಟು ನೀರನ್ನು ಮಾತ್ರ ಒಂದು ವಾರದುದ್ದಕ್ಕೂ ಬದಲಿಸುತ್ತಾ ಬರಬೇಕು. ಅಮೋನಿಯ ಏರಿದ್ದರೂ ಪಿಎಚ್ ಸಾಮಾನ್ಯವಾಗಿದ್ದರೆ ಒಮ್ಮೆಗೆ ಮೂರನೆಯ ಒಂದು ಭಾಗದಿಂದ ಅರ್ಧದವರೆಗೆ ಬದಲಿಸಬಹುದು.

ಬೆಂಗಳೂರಿನ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದೆ, ಟ್ಯಾಂಕರ್ ನೀರಿಗೂ ಕೆಲವೊಮ್ಮೆ ಬ್ಲೀಚಿಂಗ್ ಪುಡಿ ಬಿದ್ದಿರುತ್ತದೆ. ಕ್ಲೋರಿನ್ ತಾಗಿದ ಮೀನಿನ ಲೋಳೆ ಒಮ್ಮೆಗೇ ದಪ್ಪಗಾಗಿ ಬಿಳಿಯ ಚೂರುಗಳಾಗಿ ಕಳಚುತ್ತದೆ, ರೆಕ್ಕೆಗಳಲ್ಲಿ ಕೆಂಪು ಗೆರೆ ಮೂಡುತ್ತದೆ. ಇದನ್ನು ಶಿಲೀಂಧ್ರವೆಂದು ತಪ್ಪಾಗಿ ತಿಳಿಯುವ ಸಂಭವವಿದೆ. ಅಂಗಡಿಯಲ್ಲಿ ಹೈಪೋ ಎಂದು ಕೇಳಿದರೆ ಸೋಡಿಯಂ ಥಯೋಸಲ್ಫೇಟ್ ಹರಳುಗಳನ್ನು ಕೊಡುತ್ತಾರೆ. ಒಂದು ಪಾಲು ಕ್ಲೋರಿನ್ನನ್ನು ನಿವಾರಿಸಲು ಸುಮಾರು ಏಳು ಪಾಲು ಹೈಪೋ ಬೇಕು. ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಇರುವ 100 ಲೀಟರ್ ನೀರಿಗೆ ಒಂದೂವರೆ ಗ್ರಾಂ ಸಾಕು. ಬೋರ್‌ವೆಲ್ ನೀರಿನಲ್ಲಿ ಕ್ಲೋರಿನ್ ಇರುವುದಿಲ್ಲವಾದರೂ ಆಗತಾನೆ ಮೇಲೆತ್ತಿದ ನೀರಿನಲ್ಲಿ ಆಮ್ಲಜನಕ ಕಡಿಮೆಯಿರುತ್ತದೆ. ಬಕೆಟ್ಟಿನಲ್ಲಿ ತುಂಬಿ, ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಹಾಕಿ ಒಂದು ರಾತ್ರಿ ಬಿಟ್ಟು ಬಳಸುವುದು ಕ್ಷೇಮ.

ಮೈ ಕೆಂಪಾಗಿರುವುದು, ರೆಕ್ಕೆಯ ತುದಿ ಸವೆದಿರುವುದು, ಲೋಳೆ ಹೆಚ್ಚಿರುವುದು ಮುಂತಾದ ಸೌಮ್ಯ ಲಕ್ಷಣಗಳಿದ್ದು ನೀರಿನ ಪರೀಕ್ಷೆಯಲ್ಲಿ ದೋಷ ಕಂಡುಬಂದರೆ, ನೀರನ್ನು ಸರಿಪಡಿಸಿ ನಾಲ್ಕೈದು ದಿನ ಕಾಯುವುದೇ ಚಿಕಿತ್ಸೆ. ಬೇರೇನೂ ಹಾಕಬೇಕಾಗಿಲ್ಲ.

ಚಿಕಿತ್ಸೆಯ ತೊಟ್ಟಿ ಮತ್ತು ನೀರಿನ ಲೆಕ್ಕ

ಹುಣ್ಣು, ಗಾಯ, ಶಿಲೀಂಧ್ರ ಇವುಗಳ ಚಿಕಿತ್ಸೆಗೆ ಮೀನನ್ನು ಬೇರೆ ತೊಟ್ಟಿಗೆ ಸೇರಿಸುವುದು ಒಳಿತು. 40 ಲೀಟರಿನ ಪ್ಲಾಸ್ಟಿಕ್ ಟಬ್, ಏರ್ ಸ್ಟೋನ್, ಹಳೆಯ ತೊಟ್ಟಿಯ ಫಿಲ್ಟರಿನಿಂದ ತೆಗೆದ ಒಂದು ತುಂಡು ಸ್ಪಂಜು ಇಷ್ಟಿದ್ದರೆ ಸಾಕು. ಮರಳು, ಗಿಡ ಬೇಡ. ಆದರೆ ವೈಟ್ ಸ್ಪಾಟ್, ಚರ್ಮದ ಹುಳು, ಮೀನು ಹೇನು ಮುಂತಾದ ಪರೋಪಜೀವಿಗಳಿದ್ದಾಗ ಒಂದು ಮೀನನ್ನು ಮಾತ್ರ ಬೇರ್ಪಡಿಸಿ ಪ್ರಯೋಜನವಿಲ್ಲ, ಏಕೆಂದರೆ ಅವುಗಳ ಮರಿಗಳೋ ಮೊಟ್ಟೆಗಳೋ ಈಗಾಗಲೇ ತೊಟ್ಟಿಯಲ್ಲೆಲ್ಲ ಇರುತ್ತವೆ.

ಔಷಧದ ಪ್ರಮಾಣ ತಪ್ಪುವುದು ಬಹುತೇಕ ನೀರಿನ ಅಂದಾಜು ತಪ್ಪುವುದರಿಂದ. ಉದ್ದ, ಅಗಲ ಮತ್ತು ನೀರು ನಿಂತಿರುವ ಎತ್ತರವನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, 1000ದಿಂದ ಭಾಗಿಸಬೇಕು. ಎರಡಡಿ ಉದ್ದದ ತೊಟ್ಟಿಯಲ್ಲಿ 60, 30, 27 ಎಂದಿಟ್ಟುಕೊಂಡರೆ 48.6 ಲೀಟರ್ ಬರುತ್ತದೆ. ಮರಳು, ಕಲ್ಲುಗಳಿಗೆಂದು ಶೇಕಡ 10 ಕಳೆದರೆ ಉಳಿಯುವುದು ಸುಮಾರು 44 ಲೀಟರ್. ತೊಟ್ಟಿ ಕೊಂಡಾಗ ಅಂಗಡಿಯವರು ಹೇಳಿದ ಲೀಟರಿನ ಲೆಕ್ಕವನ್ನು ನಂಬಿ ಔಷಧ ಹಾಕಬಾರದು. ಔಷಧ ಹಾಕುವಾಗ ಫಿಲ್ಟರಿನಲ್ಲಿ ಇದ್ದಿಲು ಇದ್ದರೆ ತೆಗೆದಿಡಬೇಕು, ಅದು ಅನೇಕ ಔಷಧಗಳನ್ನು ಹೀರಿಬಿಡುತ್ತದೆ.

ವೈಟ್ ಸ್ಪಾಟ್

ಸಣ್ಣ ರವೆಯ ಗಾತ್ರದ ಬಿಡಿಬಿಡಿ ಬಿಳಿ ಚುಕ್ಕೆಗಳು ಮೈ, ಬಾಲ, ರೆಕ್ಕೆಗಳ ಮೇಲೆ ಅಲ್ಲಲ್ಲಿ ಕಂಡು, ಎರಡು ಮೂರು ದಿನಗಳಲ್ಲಿ ಹೆಚ್ಚುತ್ತಾ ಹೋದರೆ, ಜೊತೆಗೆ ಮೀನು ಮೈ ಉಜ್ಜಿಕೊಳ್ಳುತ್ತಿದ್ದರೆ ಅದು ವೈಟ್ ಸ್ಪಾಟ್. ಇಕ್ತಿಯೋಫ್ತಿರಿಯಸ್ ಎಂಬ ಏಕಕೋಶ ಪರೋಪಜೀವಿ ಇದಕ್ಕೆ ಕಾರಣ. ಹವ್ಯಾಸಿಗಳು ಚುಟುಕಾಗಿ ಇಕ್ ಎನ್ನುತ್ತಾರೆ. ಇದರ ಜೀವನಚಕ್ರವನ್ನು ತಿಳಿಯದೆ ಚಿಕಿತ್ಸೆ ಮಾಡಿದವರು ‘ಔಷಧ ಹಾಕಿದೆ, ಮೂರನೇ ದಿನಕ್ಕೆ ಹೋಯಿತು, ವಾರಕ್ಕೆ ಮತ್ತೆ ಬಂತು’ ಎನ್ನುತ್ತಾರೆ. ಚುಕ್ಕೆಯೊಳಗಿನ ಜೀವಿ ಚರ್ಮದ ಹೊರಪದರದ ಕೆಳಗೆ ಇರುವುದರಿಂದ ನೀರಿಗೆ ಹಾಕಿದ ಔಷಧ ಅದಕ್ಕೆ ತಾಗುವುದೇ ಇಲ್ಲ. ಬೆಳೆದ ಮೇಲೆ ಅದು ಮೀನಿನಿಂದ ಉದುರಿ, ತಳದಲ್ಲಿ ಕೋಶ ಕಟ್ಟಿಕೊಂಡು, ನೂರಾರು ಮರಿಗಳಾಗಿ ಒಡೆಯುತ್ತದೆ. ಆ ಮರಿಗಳು ಒಂದೆರಡು ದಿನಗಳೊಳಗೆ ಮೀನಿಗೆ ಅಂಟಿಕೊಳ್ಳದಿದ್ದರೆ ಸಾಯುತ್ತವೆ. ಔಷಧ ಕೊಲ್ಲುವುದು ಈ ಈಜುವ ಮರಿಗಳನ್ನು ಮಾತ್ರ. 25 ಡಿಗ್ರಿಯ ನೀರಿನಲ್ಲಿ ಈ ಚಕ್ರ ಒಂದು ವಾರದೊಳಗೆ ಮುಗಿಯುತ್ತದೆ, ತಂಪು ನೀರಿನಲ್ಲಿ ಎರಡು ವಾರವೋ ಇನ್ನೂ ಹೆಚ್ಚೋ ಹಿಡಿಯುತ್ತದೆ. ಹಾಗಾಗಿ ಚುಕ್ಕೆಗಳು ಮಾಯವಾದದ್ದು ಗುಣವಾದ ಗುರುತಲ್ಲ. ಅವು ಉದುರಿ ತಳದಲ್ಲಿ ಹೆಚ್ಚುತ್ತಿರುವ ಹೊತ್ತು ಅದು.

ಗೋಲ್ಡ್‌ಫಿಷ್ ಉಪ್ಪನ್ನು ಚೆನ್ನಾಗಿ ತಾಳಿಕೊಳ್ಳುವುದರಿಂದ ವೈಟ್ ಸ್ಪಾಟಿಗೆ ಮೊದಲ ಮದ್ದು ಉಪ್ಪೇ. ಏನೂ ಬೆರೆಸದ ಕಲ್ಲುಪ್ಪು ಬೇಕು. ಪುಡಿ ಉಪ್ಪು ಗಂಟು ಕಟ್ಟದಿರಲೆಂದು ಬೆರೆಸುವ ಪದಾರ್ಥಗಳು ಮೀನಿಗೆ ಬೇಡ. ಲೀಟರಿಗೆ 3 ಗ್ರಾಂ ಗುರಿ. 44 ಲೀಟರಿಗೆ 132 ಗ್ರಾಂ ಆಯಿತು. ಇದನ್ನು ಒಮ್ಮೆಗೇ ಸುರಿಯದೆ 44 ಗ್ರಾಂನ ಮೂರು ಪಾಲು ಮಾಡಿ, ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಪ್ರತಿ ಪಾಲನ್ನೂ ಒಂದು ಮಗ್ ತೊಟ್ಟಿಯ ನೀರಿನಲ್ಲಿಯೇ ಪೂರ್ತಿ ಕರಗಿಸಿ, ಹನ್ನೆರಡು ಗಂಟೆಗೊಂದರಂತೆ ಫಿಲ್ಟರಿನ ನೀರು ಬೀಳುವ ಜಾಗದಲ್ಲಿ ನಿಧಾನವಾಗಿ ಹಾಕಬೇಕು. ಕರಗದ ಹರಳು ಮೀನಿನ ಮೈಗೆ ತಾಗಿದರೆ ಸುಡುತ್ತದೆ. ಉಪ್ಪು ಆವಿಯಾಗುವುದಿಲ್ಲ ಎಂಬುದನ್ನು ನೆನಪಿಡಬೇಕು: ನೀರು ಆವಿಯಾಗಿ ತಗ್ಗಿದರೆ ಬರೀ ನೀರನ್ನು ತುಂಬಬೇಕು, ನೀರು ಬದಲಿಸಿದರೆ ಮಾತ್ರ ಬದಲಿಸಿದಷ್ಟು ಲೀಟರಿಗೆ ಲೆಕ್ಕ ಹಾಕಿ ಉಪ್ಪು ಸೇರಿಸಬೇಕು. ಹತ್ತು ಲೀಟರ್ ತೆಗೆದು ಹಾಕಿದರೆ ಸೇರಿಸಬೇಕಾದದ್ದು 30 ಗ್ರಾಂ. ಗಿಡಗಳಿದ್ದರೆ, ಬಸವನಹುಳುಗಳಿದ್ದರೆ ಮುಂಚೆಯೇ ಬೇರೆಡೆಗೆ ಸಾಗಿಸಬೇಕು. ಅಮೋನಿಯ ಹೀರಲೆಂದು ಫಿಲ್ಟರಿನಲ್ಲಿ ಜಿಯೋಲೈಟ್ ಇಟ್ಟಿದ್ದರೆ ಅದನ್ನೂ ತೆಗೆಯಬೇಕು. ಉಪ್ಪುನೀರಿನಲ್ಲಿ ಅದು ಹೀರಿದ ಅಮೋನಿಯವನ್ನು ತಿರುಗಿ ಬಿಡುತ್ತದೆ.

ಚಳಿಗಾಲದ ಬೆಂಗಳೂರಿನಂಥ ಕಡೆ ಹೀಟರ್ ಬಳಸಿ ನೀರನ್ನು ದಿನಕ್ಕೆ ಒಂದೆರಡು ಡಿಗ್ರಿಯಂತೆ 27-28 ಡಿಗ್ರಿಗೆ ಏರಿಸಿದರೆ ಪರೋಪಜೀವಿಯ ಚಕ್ರ ಬೇಗ ಉರುಳಿ, ಮರಿಗಳು ಬೇಗ ಉಪ್ಪಿಗೆ ಸಿಕ್ಕುತ್ತವೆ. ಬಿಸಿಯೇರಿಸಿದಾಗ ಗಾಳಿಯನ್ನೂ ಹೆಚ್ಚಿಸಬೇಕು. ಮಂಗಳೂರಿನ ಸೆಖೆಯಲ್ಲಿ ಹೀಟರಿನ ಅಗತ್ಯವೇ ಬೀಳುವುದಿಲ್ಲ. ಎರಡು ದಿನಕ್ಕೊಮ್ಮೆ ತಳವನ್ನು ಪೈಪಿನಿಂದ ಹೀರಿ ತೆಗೆದರೆ ಅಲ್ಲಿ ಕೋಶ ಕಟ್ಟಿಕೊಂಡವುಗಳಲ್ಲಿ ಬಹಳಷ್ಟು ಹೊರಹೋಗುತ್ತವೆ. ಕೊನೆಯ ಚುಕ್ಕೆ ಕಾಣದಾದ ಮೇಲೂ ಒಂದು ವಾರ, ಒಟ್ಟಾರೆ 10ರಿಂದ 14 ದಿನ ಉಪ್ಪು ಇರಲಿ. ಆಮೇಲೆ ಮೂರು ನಾಲ್ಕು ಬಾರಿ ನೀರು ಬದಲಿಸುತ್ತಾ ಇಳಿಸಿದರಾಯಿತು. ಉಪ್ಪಿಗೆ ಬಗ್ಗದಿದ್ದರೆ ಮಲಕೈಟ್ ಗ್ರೀನ್ ಮತ್ತು ಫಾರ್ಮಲಿನ್ ಬೆರೆತ ಸಿದ್ಧ ಔಷಧಗಳಿವೆ. ಮಲಕೈಟ್ ಗ್ರೀನನ್ನು ತಿನ್ನುವ ಮೀನುಗಳಿಗೆ ಬಳಸುವುದು ನಿಷಿದ್ಧ, ಮನುಷ್ಯರಿಗೂ ಅದು ಒಳ್ಳೆಯದಲ್ಲ; ಕೈಗವಸು ಹಾಕಿಕೊಂಡು, ಸೀಸೆಯ ಮೇಲಿನ ಪ್ರಮಾಣವನ್ನು ಮೀರದೆ, ಕಿಟಕಿ ತೆರೆದ ಕೋಣೆಯಲ್ಲಿ ಬಳಸಬೇಕು.

ಬೂದು ಪೊರೆ, ಹೊನ್ನಿನ ಧೂಳು, ಕಣ್ಣಿಗೆ ಕಾಣದ ಹುಳು

ಚುಕ್ಕೆಗಳಿಲ್ಲದೆ ಮೈಮೇಲೆ ಬೂದು ಅಥವಾ ನೀಲಿ ಮಿಶ್ರಿತ ಬಿಳಿ ಪೊರೆ ಕಂಡು ಮೀನು ಸಪ್ಪಗಿದ್ದರೆ ಟ್ರೈಕೋಡೈನ, ಕಾಸ್ಟಿಯ, ಕೈಲೊಡೊನೆಲ್ಲ ಎಂಬ ಏಕಕೋಶಜೀವಿಗಳಲ್ಲೊಂದು ಕಾರಣವಿರಬಹುದು. ಸೂಕ್ಷ್ಮದರ್ಶಕವಿಲ್ಲದೆ ಇವನ್ನು ಬೇರೆ ಬೇರೆಯಾಗಿ ಗುರುತಿಸಲಾಗದು, ಆದರೆ ಮೇಲೆ ಹೇಳಿದ ಉಪ್ಪಿನ ಕ್ರಮವೇ ಹಲವು ಬಾರಿ ಇವಕ್ಕೂ ಸಾಲುತ್ತದೆ. ಟಾರ್ಚಿನ ಓರೆ ಬೆಳಕಿನಲ್ಲಿ ಹೊನ್ನಿನ ಬಣ್ಣದ ನುಣುಪಾದ ಧೂಳು ಕಂಡರೆ ಅದು ವೆಲ್ವೆಟ್ ಎಂಬ ಪರೋಪಜೀವಿ ಕಾಯಿಲೆ. ಗೋಲ್ಡ್‌ಫಿಷ್‌ನಲ್ಲಿ ಇದು ಅಪರೂಪ.

ಚರ್ಮದ ಹುಳುಗಳಾದ ಗೈರೊಡ್ಯಾಕ್ಟೈಲಸ್ ಮತ್ತು ಕಿವಿರಿನ ಹುಳುಗಳಾದ ಡ್ಯಾಕ್ಟೈಲೊಗೈರಸ್ ಬರಿಗಣ್ಣಿಗೆ ಕಾಣುವುದಿಲ್ಲ. ನೀರು ಸರಿಯಿದ್ದು, ಉಪ್ಪು ಹಾಕಿದ ಮೇಲೂ ಮೀನು ವಾರಗಟ್ಟಲೆ ಮೈ ಉಜ್ಜಿಕೊಳ್ಳುತ್ತಿದ್ದರೆ, ಅಲ್ಲಲ್ಲಿ ಹುರುಪೆ ಕಿತ್ತು ಕೆಂಪಾಗಿದ್ದರೆ ಇವನ್ನು ಶಂಕಿಸಬೇಕು. ಪ್ರಾಜಿಕ್ವಾಂಟೆಲ್ ಇವಕ್ಕೆ ಮದ್ದು; ಲೀಟರಿಗೆ ಎರಡೂವರೆ ಮಿಲಿಗ್ರಾಂನಂತೆ 44 ಲೀಟರಿಗೆ 110 ಮಿಲಿಗ್ರಾಂ ಬೇಕಾಗುತ್ತದೆ. ಅದು ನೀರಿನಲ್ಲಿ ಸುಲಭವಾಗಿ ಕರಗದು, ಆದ್ದರಿಂದ ನುಣ್ಣಗೆ ಅರೆದು ಸೀಸೆಯಲ್ಲಿ ಚೆನ್ನಾಗಿ ಕುಲುಕಿ ಹಾಕಬೇಕು. ಕಿವಿರಿನ ಹುಳುವಿನ ಮೊಟ್ಟೆಗಳಿಗೆ ಔಷಧ ತಾಗದ ಕಾರಣ ಒಂದು ವಾರದ ನಂತರ ಮತ್ತೊಮ್ಮೆ ಹಾಕಬೇಕಾಗುತ್ತದೆ. ನಾಯಿಗಳಿಗೆಂದು ಮಾರುವ ಜಂತಿನ ಮಾತ್ರೆಗಳಲ್ಲಿ ಇದರೊಂದಿಗೆ ಬೇರೆ ಔಷಧಗಳೂ ಸೇರಿರುತ್ತವೆ, ಅವನ್ನು ಬಳಸಕೂಡದು. ಪಶುವೈದ್ಯರಿಂದ ಬರೀ ಪ್ರಾಜಿಕ್ವಾಂಟೆಲ್ ಬರೆಸಿಕೊಳ್ಳುವುದು ಸರಿ.

ಕಣ್ಣಿಗೆ ಕಾಣುವ ಪರೋಪಜೀವಿಗಳು

ಹುರುಪೆಗಳ ನಡುವಿನಿಂದ ಬಿಳಿ ಅಥವಾ ಹಸಿರು ಮಿಶ್ರಿತ ದಾರದ ತುಂಡೊಂದು ಹೊರಚಾಚಿಕೊಂಡಿದ್ದು, ಅದರ ಬುಡ ಕೆಂಪಾಗಿ ಊದಿದ್ದರೆ ಅದು ಲಂಗರು ಹುಳು. ದಾರದ ತುದಿ ಕವಲೊಡೆದಂತೆ ಕಂಡರೆ ಅವು ಮೊಟ್ಟೆಯ ಚೀಲಗಳು. ಇದು ಹುಳುವಲ್ಲ, ಸಿಗಡಿಯ ದೂರದ ಸಂಬಂಧಿ. ಹೆಣ್ಣು ತನ್ನ ತಲೆಯನ್ನು ಲಂಗರಿನಂತೆ ಮಾಂಸದೊಳಗೆ ನಾಟಿಕೊಂಡಿರುತ್ತದೆ. ಮೀನು ಹೇನು ಇದಕ್ಕಿಂತ ಬೇರೆ: ಚಪ್ಪಟೆಯಾದ, ದುಂಡಗಿನ, ಅರೆಪಾರದರ್ಶಕ ಜೀವಿ, ಅರ್ಧ ಸೆಂಟಿಮೀಟರಿಗಿಂತ ತುಸು ಹೆಚ್ಚಿರಬಹುದು, ಮೈಮೇಲೆ ಸರಿದಾಡುತ್ತದೆ, ಗಮನಿಸಿ ನೋಡಿದರೆ ಎರಡು ಕಪ್ಪು ಕಣ್ಣುಗಳು ಕಾಣುತ್ತವೆ. ಹುರುಪೆಯೆಂದೇ ತೋರುವುದರಿಂದ ಮೊದಲ ನೋಟಕ್ಕೆ ಸಿಗುವುದಿಲ್ಲ. ಹೊರಗಿನ ಸಿಮೆಂಟ್ ತೊಟ್ಟಿಗಳಲ್ಲಿ, ಕೆರೆಯಿಂದ ತಂದ ಗಿಡಗಳ ಮೂಲಕ ಇವೆರಡೂ ಹೆಚ್ಚು ಬರುತ್ತವೆ.

ಇವನ್ನು ತೆಗೆಯಲು ಇಬ್ಬರು ಬೇಕು. ಒದ್ದೆಯಾದ ಮೆತ್ತನೆಯ ಬಟ್ಟೆಯಲ್ಲಿ ಮೀನನ್ನು ಕಣ್ಣು ಮುಚ್ಚುವಂತೆ ಸುತ್ತಿ ಒಬ್ಬರು ಹಿಡಿಯಬೇಕು. ಇನ್ನೊಬ್ಬರು ಮೊನಚಾದ ಚಿಮುಟದಿಂದ ಲಂಗರು ಹುಳುವನ್ನು ಸಾಧ್ಯವಾದಷ್ಟು ಚರ್ಮಕ್ಕೆ ಹತ್ತಿರದಲ್ಲಿ ಹಿಡಿದು, ಹುರುಪೆಗಳು ಬಾಲದ ಕಡೆಗೆ ವಾಲಿರುವ ದಿಕ್ಕಿನಲ್ಲಿಯೇ ನಿಧಾನವಾಗಿ ಎಳೆಯಬೇಕು. ಜಗ್ಗಿದರೆ ತಲೆ ಒಳಗೇ ಮುರಿದು ಉಳಿದು ಹುಣ್ಣಾಗುತ್ತದೆ. ಎಲ್ಲವೂ ಒಂದು ನಿಮಿಷದೊಳಗೆ ಮುಗಿಯಬೇಕು. ಹೆಚ್ಚು ಹುಳುಗಳಿದ್ದರೆ ಮೀನನ್ನು ನೀರಿಗೆ ಬಿಟ್ಟು, ವಿಶ್ರಾಂತಿ ಕೊಟ್ಟು ಮತ್ತೆ ಹಿಡಿಯಬೇಕು. ತೆಗೆದ ಜಾಗಕ್ಕೆ ಕೆಳಗೆ ಹೇಳಿದಂತೆ ಅಯೋಡಿನ್ ಹಚ್ಚಬೇಕು. ಹೇನು ಗಾಜಿಗೂ ಕಲ್ಲಿಗೂ ಮೊಟ್ಟೆ ಅಂಟಿಸುತ್ತದೆ, ಲಂಗರು ಹುಳುವಿನ ಮರಿಗಳು ನೀರಿನಲ್ಲಿ ಈಜಾಡುತ್ತವೆ; ಆದ್ದರಿಂದ ಚಿಮುಟದ ಕೆಲಸ ಅರ್ಧ ಚಿಕಿತ್ಸೆ ಮಾತ್ರ. ಉಳಿದರ್ಧಕ್ಕೆ ಡೈಫ್ಲೂಬೆಂಜುರಾನ್‌ನಂಥ, ಮರಿಗಳು ಪೊರೆ ಕಳಚುವುದನ್ನು ತಡೆಯುವ ಔಷಧವನ್ನು ವೈದ್ಯರ ಸಲಹೆಯ ಮೇಲೆ ಬಳಸಬೇಕು. ಹೊಲಕ್ಕೆ ಸಿಂಪಡಿಸುವ ಕೀಟನಾಶಕವನ್ನು ಹನಿ ಲೆಕ್ಕದಲ್ಲಿ ಹಾಕುವ ಸಲಹೆ ಕೆಲವರಿಂದ ಬರುತ್ತದೆ, ಅದನ್ನು ಕೇಳಬೇಡಿ.

ಹತ್ತಿಯಂತೆ ಕಾಣುವ ಎರಡು ಕಾಯಿಲೆಗಳು

ಗಾಯದ ಮೇಲೆ, ಕಿತ್ತ ಹುರುಪೆಯ ಜಾಗದಲ್ಲಿ ಹತ್ತಿಯ ಎಳೆಗಳಂತೆ ಎದ್ದು ನಿಂತು, ನೀರಿನ ಹರಿವಿಗೆ ಓಲಾಡುವ ಬೆಳವಣಿಗೆಯನ್ನು ಸಾಮಾನ್ಯವಾಗಿ ಶಿಲೀಂಧ್ರ ಎನ್ನುತ್ತಾರೆ. ಸಪ್ರೋಲೆಗ್ನಿಯ ಎಂಬುದು ಇದರಲ್ಲಿ ಸಾಮಾನ್ಯ. ಅದು ಆರೋಗ್ಯವಂತ ಚರ್ಮದ ಮೇಲೆ ಸುಲಭವಾಗಿ ನೆಲೆಸುವುದಿಲ್ಲ, ಮೊದಲು ಆದ ಗಾಯವನ್ನು ಹಿಡಿದು ಬೆಳೆಯುತ್ತದೆ. ನಿಧಾನಗತಿಯದು, ಕೆಲವೊಮ್ಮೆ ಪಾಚಿ ಸಿಕ್ಕಿಕೊಂಡು ಹಸಿರಾಗಿಯೂ ಕಾಣುತ್ತದೆ. ಬೇರೆ ತೊಟ್ಟಿಯಲ್ಲಿ ಉಪ್ಪು, ಇಲ್ಲವೆ ಮೆಥಿಲೀನ್ ಬ್ಲೂ ಇದಕ್ಕೆ ಸಲ್ಲುತ್ತದೆ. ಮೊದಲೇ ಹೇಳಿದ ನೀಲಿ ಸೀಸೆಗೆ ನ್ಯಾಯವಾದ ಜಾಗ ಇಲ್ಲಿದೆ.

ಇದನ್ನೇ ಹೋಲುವ ಇನ್ನೊಂದು ಕಾಯಿಲೆ ಕಾಲಮ್ನಾರಿಸ್. ಅದು ಬ್ಯಾಕ್ಟೀರಿಯದಿಂದ ಬರುವುದು. ತುಟಿಯ ಸುತ್ತ, ಕಿವಿರಿನ ಬಳಿ, ಅಥವಾ ಬೆನ್ನಿನ ಮೇಲೆ ಕುದುರೆಯ ಜೀನು ಹಾಕಿದಂತೆ ಎರಡೂ ಬದಿಗೆ ಇಳಿದ ಬಿಳಿ ಅಥವಾ ಹಳದಿ ಮಿಶ್ರಿತ ಪಟ್ಟೆ ಇದರ ಗುರುತು. ಎಳೆಗಳು ಉದ್ದವಾಗಿರುವುದಿಲ್ಲ, ಚರ್ಮಕ್ಕೆ ಮೆತ್ತಿಕೊಂಡಂತೆ ಇರುತ್ತವೆ, ಅಂಚು ಕೆಂಪಾಗಿರಬಹುದು. ಶಿಲೀಂಧ್ರ ದಿನಗಟ್ಟಲೆ ತೆಗೆದುಕೊಂಡರೆ ಇದು ಬೆಚ್ಚಗಿನ ನೀರಿನಲ್ಲಿ ಒಂದೆರಡು ದಿನಗಳಲ್ಲಿಯೇ ಮೀನನ್ನು ಕೊಲ್ಲಬಲ್ಲದು. ಎರಡರ ವ್ಯತ್ಯಾಸ ತಿಳಿಯುವುದು ಇಲ್ಲಿ ತೀರ ಮುಖ್ಯ, ಏಕೆಂದರೆ ವೈಟ್ ಸ್ಪಾಟಿಗೆ ಮಾಡಿದಂತೆ ನೀರನ್ನು ಬಿಸಿ ಮಾಡಿದರೆ ಕಾಲಮ್ನಾರಿಸ್ ಉಲ್ಬಣಿಸುತ್ತದೆ. ಅನುಮಾನವಿದ್ದರೆ ಹೀಟರ್ ಆರಿಸಿ, ಗಾಳಿ ಹೆಚ್ಚಿಸಿ, ಅದೇ ದಿನ ಪಶುವೈದ್ಯರನ್ನು ಕಾಣಬೇಕು; ಇದಕ್ಕೆ ಆ್ಯಂಟಿಬಯಾಟಿಕ್ ಬೇಕಾಗುತ್ತದೆ.

ಹುಣ್ಣು, ರೆಕ್ಕೆ ಕೊಳೆತ, ನಿಮಿರಿದ ಹುರುಪೆ

ಹುರುಪೆ ಕಳಚಿ, ಮಧ್ಯೆ ಕೆಂಪು ಮಾಂಸ ಕಂಡು, ಸುತ್ತ ಬಿಳಿಯ ಅಂಚಿರುವ ಹುಣ್ಣುಗಳಿಗೆ ಏರೊಮೊನಾಸ್ ಮುಂತಾದ ಬ್ಯಾಕ್ಟೀರಿಯಗಳು ಕಾರಣ. ಇವು ಬಹುತೇಕ ಎಲ್ಲ ತೊಟ್ಟಿಗಳಲ್ಲಿಯೂ ಇರುತ್ತವೆ. ಪರೋಪಜೀವಿ ಮಾಡಿದ ಗಾಯವೋ ನೀರಿನ ದೋಷವೋ ದಾರಿ ಮಾಡಿಕೊಟ್ಟಾಗ ಒಳನುಗ್ಗುತ್ತವೆ. ಆದ್ದರಿಂದ ಹುಣ್ಣು ಕಂಡರೆ ಅದರ ಹಿಂದಿನ ಕಾರಣವನ್ನೂ ಹುಡುಕಬೇಕು. ರೆಕ್ಕೆ ಕೊಳೆಯುವುದೂ ಹೀಗೆಯೇ: ಅಂಚು ಬಿಳಿಯಾಗಿ ಹರಿದಿದ್ದರೆ ನೀರು ಶುದ್ಧವಾದೊಡನೆ ಪಾರದರ್ಶಕ ಹೊಸ ಅಂಚು ಬೆಳೆಯುತ್ತದೆ, ಕೊಳೆತ ಬುಡದವರೆಗೆ ಹೋದರೆ ಆ ರೆಕ್ಕೆ ಮರಳಿ ಬೆಳೆಯುವುದು ಕಷ್ಟ.

ಹುಣ್ಣಿಗೆ ಹಚ್ಚಲು ಔಷಧದಂಗಡಿಯ ಪೊವಿಡೋನ್ ಅಯೋಡಿನ್ ಸಾಕು. ದ್ರಾವಣವನ್ನೇ ಕೇಳಿ ತರಬೇಕು, ಸೋಪು ಬೆರೆತ ಸ್ಕ್ರಬ್ ಬೇಡ. ಶೇಕಡ 10ರ ದ್ರಾವಣದ ಒಂದು ಪಾಲಿಗೆ ಒಂಬತ್ತು ಪಾಲು ಕುದಿಸಿ ಆರಿಸಿದ ನೀರು ಬೆರೆಸಬೇಕು. ಮೀನನ್ನು ಒದ್ದೆ ಬಟ್ಟೆಯಲ್ಲಿ ಹಿಡಿದು, ದ್ರಾವಣ ಕಿವಿರಿಗೆ ಹರಿಯದಂತೆ ತಲೆಯನ್ನು ತುಸು ಮೇಲೆತ್ತಿ, ಹತ್ತಿಯ ಕಡ್ಡಿಯಿಂದ ಹುಣ್ಣಿನ ಮೇಲಷ್ಟೇ ಒತ್ತಬೇಕು. ಉಜ್ಜಬಾರದು. ಅರ್ಧ ನಿಮಿಷ ಬಿಟ್ಟು, ತೊಟ್ಟಿಯ ನೀರಿನಿಂದ ತೊಳೆದು ಮೀನನ್ನು ಬಿಡಬೇಕು. ದಿನಬಿಟ್ಟು ದಿನ ಎರಡು ಮೂರು ಬಾರಿ ಮಾಡಿದರೆ ಸಾಕು. ಪ್ರತಿದಿನ ಹಿಡಿದರೆ ಹಿಡಿಯುವುದರಿಂದ ಆಗುವ ಹಾನಿಯೇ ಹೆಚ್ಚು.

ಹುಣ್ಣು ದೊಡ್ಡದಾಗುತ್ತಿದ್ದರೆ ಆ್ಯಂಟಿಬಯಾಟಿಕ್ ಬೇಕು, ಆದರೆ ಮನೆಯಲ್ಲಿ ಉಳಿದ ಟೆಟ್ರಾಸೈಕ್ಲಿನ್ ಕ್ಯಾಪ್ಸೂಲನ್ನು ಬಿಚ್ಚಿ ನೀರಿಗೆ ಸುರಿಯುವುದರಲ್ಲಿ ಅರ್ಥವಿಲ್ಲ. ಟೆಟ್ರಾಸೈಕ್ಲಿನ್ ಜಾತಿಯ ಔಷಧಗಳು ಗಡಸು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳೊಂದಿಗೆ ಸೇರಿ ನಿಷ್ಪ್ರಯೋಜಕವಾಗುತ್ತವೆ, ಮತ್ತು ನಮ್ಮ ಬಯಲುಸೀಮೆಯ ಬೋರ್‌ವೆಲ್ ನೀರು ಬಹುಪಾಲು ಗಡಸು. ಮೀನು ತಿನ್ನುತ್ತಿರುವಾಗಲೇ ವೈದ್ಯರು ಹೇಳಿದ ಔಷಧವನ್ನು ಆಹಾರದಲ್ಲಿ ಬೆರೆಸಿ ಕೊಡುವುದು ಹೆಚ್ಚು ಫಲಕಾರಿ. ಅರಿಶಿನವನ್ನು ನೀರಿಗೆ ಕದಡುವ ರೂಢಿಯೂ ಇದೆ. ಕರಗದ ಆ ಪುಡಿ ಕಿವಿರಿಗೂ ಫಿಲ್ಟರಿಗೂ ಹೊರೆಯಾಗುತ್ತದೆ, ಬೇಡ.

ಹೊಟ್ಟೆ ಊದಿ, ಮೇಲಿನಿಂದ ನೋಡಿದಾಗ ಹುರುಪೆಗಳೆಲ್ಲ ನಿಮಿರಿ ನಿಂತಿದ್ದರೆ ಅದು ಚರ್ಮದ ಕಾಯಿಲೆಯಲ್ಲ, ಮೂತ್ರಪಿಂಡ ಕೆಟ್ಟು ಒಳಗೆ ನೀರು ತುಂಬಿದ ಲಕ್ಷಣ. ಬದುಕುವ ಸಾಧ್ಯತೆ ಕಡಿಮೆ. ಮೇಣದ ಹನಿ ಬಿದ್ದಂತೆ ನುಣುಪಾದ, ಬೂದು ಬಿಳುಪಿನ ಗಟ್ಟಿ ಉಬ್ಬುಗಳು ವೈರಸ್ಸಿನಿಂದ ಬರುವ ಪಾಕ್ಸ್ ಆಗಿರಬಹುದು. ಅದಕ್ಕೆ ಔಷಧವಿಲ್ಲ, ಬೆಚ್ಚಗಿನ ದಿನಗಳಲ್ಲಿ ತಾನಾಗಿಯೇ ಕುಗ್ಗುವುದುಂಟು. ಕೆರೆಯಬೇಡಿ, ಕತ್ತರಿಸಬೇಡಿ.

ಯಾರನ್ನು ಕೇಳಬೇಕು

ಎಲ್ಲ ಪಶುವೈದ್ಯರೂ ಮೀನುಗಳನ್ನು ನೋಡುವುದಿಲ್ಲವಾದ್ದರಿಂದ ಮೊದಲೇ ವಿಚಾರಿಸಿ ಹೋಗಬೇಕು. ಮಂಗಳೂರಿನಲ್ಲಿ 1969ರಲ್ಲಿ ಆರಂಭವಾದ ಮೀನುಗಾರಿಕಾ ಕಾಲೇಜು ಇದೆ. ಬೆಂಗಳೂರಿನ ಬಳಿ ಹೆಸರಘಟ್ಟದಲ್ಲಿ ಮೀನುಗಾರಿಕೆಯ ಸಂಶೋಧನಾ ಕೇಂದ್ರಗಳಿವೆ. ತಜ್ಞರಲ್ಲಿಗೆ ಹೋಗುವಾಗ ಸತ್ತು ಹೊತ್ತಾದ ಮೀನನ್ನು ಒಯ್ದರೆ ಹೆಚ್ಚಿನದೇನೂ ತಿಳಿಯುವುದಿಲ್ಲ, ಏಕೆಂದರೆ ಮೀನು ಸತ್ತ ಸ್ವಲ್ಪ ಹೊತ್ತಿಗೇ ಪರೋಪಜೀವಿಗಳು ಚರ್ಮವನ್ನು ಬಿಡುತ್ತವೆ. ಕಾಯಿಲೆಯಾದ ಜೀವಂತ ಮೀನನ್ನು ಅರ್ಧ ನೀರು, ಅರ್ಧ ಗಾಳಿ ತುಂಬಿದ ಚೀಲದಲ್ಲಿ, ತೊಟ್ಟಿಯ ನೀರನ್ನು ಬೇರೆಯೇ ಬಾಟಲಿಯಲ್ಲಿ, ಜೊತೆಗೆ ದಿನದಿನದ ಫೋಟೋಗಳನ್ನೂ ಈವರೆಗೆ ಹಾಕಿದ ಔಷಧಗಳ ಹೆಸರು ಮತ್ತು ಪ್ರಮಾಣವನ್ನೂ ಒಯ್ಯಬೇಕು. ಮೈಯ ಲೋಳೆಯನ್ನು ತುಸು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಐದು ನಿಮಿಷದ ಪರೀಕ್ಷೆ ಎರಡು ವಾರಗಳ ಊಹೆಯನ್ನು ತಪ್ಪಿಸುತ್ತದೆ.

ಹೊಸ ಮೀನು ತಂದಾಗ

ನಮ್ಮ ಅಂಗಡಿಗಳಿಗೆ ಬರುವ ಗೋಲ್ಡ್‌ಫಿಷ್‌ಗಳಲ್ಲಿ ಅನೇಕವು ಚೆನ್ನೈನ ಕೊಳತ್ತೂರು, ಕೋಲ್ಕತ್ತ ಕಡೆಯ ಸಗಟು ವ್ಯಾಪಾರಿಗಳಿಂದ ಕಿಕ್ಕಿರಿದ ಚೀಲಗಳಲ್ಲಿ ದೂರ ಪ್ರಯಾಣ ಮಾಡಿ ಬಂದವು. ದಾರಿಯಲ್ಲಿ ಲೋಳೆ ಸವೆದು, ಸೋಂಕಿಗೆ ಬಾಗಿಲು ತೆರೆದಿರುತ್ತದೆ. ಹೊಸ ಮೀನನ್ನು ಮೂರರಿಂದ ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿದ ಮೇಲೆಯೇ ಹಳೆಯವುಗಳೊಂದಿಗೆ ಬಿಡಬೇಕು. ಅಂಗಡಿಯ ಚೀಲದ ನೀರನ್ನು ತೊಟ್ಟಿಗೆ ಸುರಿಯಬಾರದು. ಎರಡು ತೊಟ್ಟಿಗಳಿಗೆ ಎರಡು ಬಲೆ, ಎರಡು ಪೈಪು ಇರಲಿ. ಒಂದೇ ಬಲೆ ಬಳಸಬೇಕಾಗಿ ಬಂದರೆ ತೊಳೆದು, ಬಿಸಿಲಿನಲ್ಲಿ ಪೂರ್ತಿ ಒಣಗಿಸಿ ಬಳಸಬೇಕು, ವೈಟ್ ಸ್ಪಾಟಿನ ಜೀವಿ ಒಣಗಿದರೆ ಉಳಿಯುವುದಿಲ್ಲ.

ಕೈಯಲ್ಲಿ ಗಾಯವಿದ್ದ ದಿನ ಬರಿಗೈಯನ್ನು ತೊಟ್ಟಿಗೆ ಇಳಿಸಬೇಡಿ. ಮೀನುಗಳಲ್ಲಿ ಮಾಯದ ಹುಣ್ಣು ತರುವ ಮೈಕೊಬ್ಯಾಕ್ಟೀರಿಯಂ ಮರಿನಂ ಎಂಬ ರೋಗಾಣು ಮನುಷ್ಯರ ಬೆರಳಿಗೂ ಮುಂಗೈಗೂ ಅಂಟಬಲ್ಲದು, ಗಂಟಾಗಿ ವಾರಗಟ್ಟಲೆ ಉಳಿಯುತ್ತದೆ, ಸಾಮಾನ್ಯ ಮುಲಾಮುಗಳಿಗೆ ಬಗ್ಗುವುದಿಲ್ಲ. ಅಂಥ ಗಂಟು ಕಂಡು ಚರ್ಮವೈದ್ಯರ ಬಳಿ ಹೋದಾಗ ಮನೆಯಲ್ಲಿ ಅಕ್ವೇರಿಯಂ ಇದೆಯೆಂದು ಅವರು ಕೇಳುವ ಮುನ್ನವೇ ತಿಳಿಸಿ.